ನಡುವಿನ ಪೆಟ್ಟಿಗೆಯ ಮೊದಲ ಮದುವೆ

ಐದು ಊರಿನ ಐದು ಅಂಗಡಿಗಳು ಕೂಡಿ ಒಂದು ಮದುವೆ ಮಾಡಲು ಹೊರಟರೆ ಐದು ಮದುವೆಯ ಗದ್ದಲವಾಗುವುದು ನಮ್ಮ ಕಡೆ ಹೊಸದೇನಲ್ಲ. ಶಾಮಿಯಾನಾ ಚಿತ್ತಾಪುರದ್ದು, ಪಾತ್ರೆಗಳೂ ಅಡಿಗೆಯವರೂ ಸೇಡಮ್ಮಿನವರು, ಬ್ಯಾಂಡು ಶಹಾಬಾದಿನದು, ಕುರ್ಚಿ ಮತ್ತು ಜನರೇಟರು ವಾಡಿಯವು, ಹೂವು ಚಿಂಚೋಳಿಯದು. ಮೊದಲು ಇವಕ್ಕೆಲ್ಲ ಬೇರೆ ಬೇರೆ ಮಾಲಕರಿದ್ದರು. ಚಿತ್ತಾಪುರದ ಸರ್ದಾರ ಸೇಠರು ಒಬ್ಬೊಬ್ಬರನ್ನೇ ಪಾಲಿಗೆ ಹಚ್ಚಿಕೊಂಡು ಐದನ್ನೂ ಒಂದು ಮಾಡಿದರು. ಮಾಲಕ ಒಂದಾದರೂ ಅಂಗಡಿಗಳು ಒಂದಾಗಲಿಲ್ಲ. ಗುಂಡಗುರ್ತಿಯ ಮದುವೆಯೊಂದಕ್ಕೆ ಬ್ಯಾಂಡಿನವರು ಹೋಗಿ ಊರ ತುಂಬ ಬಾರಿಸಿ ಬಂದ ಮರುದಿನ ನಾವು ಶಾಮಿಯಾನಾ ಹೇರಿಕೊಂಡು ಹೋದೆವು. ಮದುಮಗ ಹಲ್ಲುಜ್ಜುತ್ತ ಹೊರಗೆ ಬಂದು, "ಬಂದೀರಿ, ನೆಳ್ಳರ ಮಾಡಿ ಹೋಗ್ರಿ" ಅಂದ. ನೆರಳು ಮಾಡಿ ಬಂದೆವು.

ಹಾಗಂತ ಕಂಪ್ಯೂಟರ್ ಇರಲಿಲ್ಲವೆಂದಲ್ಲ. ಐದೂ ಕಡೆ ಇದ್ದವು, ಅದೇ ತೊಂದರೆ. ಚಿತ್ತಾಪುರದ ಪ್ರೋಗ್ರಾಂ ಶಾಮಿಯಾನದ ಗಳಗಳನ್ನು ಎಣಿಸುತ್ತಿತ್ತು, ಸೇಡಮ್ಮಿನದು ಉಣ್ಣುವವರನ್ನು ಎಣಿಸುತ್ತಿತ್ತು. ಚಿಂಚೋಳಿಯ ಖಾಜಾ ತನ್ನ ಪ್ರೋಗ್ರಾಮನ್ನು ಹೈದರಾಬಾದಿನಿಂದ ತಂದದ್ದರಿಂದ ಅದು ತೆಲುಗಿನಲ್ಲಿ ಮಾತ್ರ ಮಾತಾಡುತ್ತಿತ್ತು. ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ತಿಳಿಸಬೇಕಾದವರು ನಮ್ಮ ಮ್ಯಾನೇಜರು ರಘೂತ್ತಮಾಚಾರ್ಯರು, ಅದೂ ಫೋನಿನಲ್ಲಿ. ರಘೂತ್ತಮರು ಬಹಳ ಒಳ್ಳೆಯ ಮನುಷ್ಯ. ಒಂದು ಕೆಲಸ ಹೇಳಿದರೆ ಎರಡು ಮಾಡಿಕೊಂಡು ಬರುವರು. ಹೇಳಿದ ಕೆಲಸ ಆ ಎರಡರಲ್ಲಿ ಇರುತ್ತಿರಲಿಲ್ಲ, ಅಷ್ಟೇ.

ಇದಕ್ಕೆ ದಾರಿ ಕಂಡುಹಿಡಿದವನು ರಘೂತ್ತಮರ ಅಣ್ಣನ ಮಗ ಜಯತೀರ್ಥ. ಕಲಬುರಗಿಯಲ್ಲಿ ಅಂಗಡಿ ಇಟ್ಟುಕೊಂಡು ಊರವರ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದೇ ಅವನ ಕಸಬು. ನಮ್ಮ ಗೋದಾಮಿಗೆ ಬಂದು ಕುಳಿತ.

"ಯಾವುದೂ ಒಗೆಯೋದು ಬ್ಯಾಡ್ರಿ ಸೇಠ್. ಯಾರ ಪ್ರೋಗ್ರಾಂ ಅವರಿಗೇ ಇರ್ಲಿ," ಅಂದ. "ಆದ್ರ ಒಂದರ ಕೂಡ ಒಂದು ಮಾತಾಡೋದು ಬಂದ್. ನಡುವ ಒಂದು ಪೆಟ್ಟಿಗಿ ಇಡ್ತೀನಿ. ಪ್ರತಿ ಅಂಗಡಿ 'ನನ್ನಿಂದ ಈ ಕೆಲಸ ಆಗ್ತದ, ಹಿಂಗ ಕೇಳಿದ್ರ ಮಾಡ್ತೀನಿ' ಅಂತ ಪೆಟ್ಟಿಗೀಗಿ ಒಮ್ಮೆ ಹೇಳಿಡ್ಬೇಕು. ನೀವು ಮದುವಿ ಆರ್ಡರ್ ಒಂದೇ ಕಡಿ ಬರೀರಿ. ಯಾರಿಗಿ ಏನು ಬೇಕೋ ಅದು ಅವರವರ ಭಾಷಾದಾಗ ಹೇಳ್ತದ."

ಸೇಠರು ಗಡ್ಡ ನೀವಿಕೊಂಡರು. "ಅಂದ್ರ ವಾಡಿ ಜಂಕ್ಷನ್ ಇದ್ದಂಗ. ಎಲ್ಲಾ ಕಡಿ ಗಾಡಿ ಅಲ್ಲಿಗಿ ಬರ್ತಾವ, ಅಲ್ಲಿಂದ ಹೋಗ್ತಾವ."

"ಕರೆಕ್ಟ್ ಅದೇ ಸೇಠ್."

"ವಾಡ್ಯಾಗ ಗಾಡಿ ಭಾಳ ಹೊತ್ತು ನಿಂದರ್ತಾವಲ್ಲೋ ಮತ್ತ."

"ಇಲ್ಲಿ ನಿಂದ್ರಂಗಿಲ್ರಿ."

"ಸೇಡಮ್ಮಿನ್ಯಾಗ ಕರೆಂಟ್ ಹೋಗಿದ್ರ?"

"ಪೆಟ್ಟಿಗಿ ಬಿಡಂಗಿಲ್ಲ. 'ಮುಟ್ಟಿತು' ಅಂತ ಆ ಕಡಿಯವ್ರು ಹೇಳೋ ತನಕ ಮತ್ತ ಮತ್ತ ಹೇಳ್ತದ."

"ನಮ್ಮ ಬೀಗ್ರಂಗ," ಅಂದರು ಸೇಠರು. ಒಪ್ಪಿಕೊಂಡರು.

ಪೆಟ್ಟಿಗೆ ಬಂತು. ನೋಡಲು ರೊಟ್ಟಿ ಡಬ್ಬಿಯಷ್ಟಿತ್ತು. ಅದಕ್ಕೆ ರಘೂತ್ತಮರೇ ಮುಖ್ಯಸ್ಥರೆಂದು ಸೇಠರು ಎಲ್ಲರೆದುರು ಹೇಳಿದರು. ಜಯತೀರ್ಥ ಹೊರಡುವಾಗ ಕಾಕಾನಿಗೆ ತಿಳಿಸಿ ಹೇಳಿದ: "ಕಾಕಾ, ಒಂದು ಸುಳ್ಳ ಮದುವಿ ಆರ್ಡರ್ ಬರೀರಿ. ಐದೂ ಅಂಗಡಿಗಿ ಮುಟ್ಟೇತೋ ಇಲ್ಲೋ ನೋಡ್ರಿ. ನೋಡಿ, ಮರೀದೆ ಅಳಿಸಿಬಿಡ್ರಿ."

ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ಪೆಟ್ಟಿಗೆಯ ಪೂಜೆಗೆ ರಘೂತ್ತಮರ ತಾಯಿ ರುಕ್ಮಿಣಿಬಾಯಿಯವರು ತಾವೇ ಬಂದರು. ಪೆಟ್ಟಿಗೆಗೆ ಅರಿಶಿನ ಹಚ್ಚಿದರು, ಕಂಪ್ಯೂಟರಿನ ಗಾಜಿನ ಮೂಲೆಗೆ ಕುಂಕುಮ ಇಟ್ಟರು. ರಘೂತ್ತಮರು ಸುಳ್ಳು ಆರ್ಡರು ಬರೆಯಲು ಕೈ ಇಟ್ಟಾಗ ತಾಯಿ ತಡೆದರು.

"ಹೊಸದರಾಗ ಮೊದಲನೇ ಸಾಲು ಸುಳ್ಳು ಬರೀತಿ ಏನು ರಘು? ನಿಮ್ಮಪ್ಪ ಹೊಸ ಖಾತೆ ಪುಸ್ತಕ ತೆಗೆದ್ರ ಮೊದಲ ಯಾರ ಹೆಸರು ಬರೀತಿದ್ರು?"

"ದೇವರ ಹೆಸರು, ಅವ್ವಾ."

"ಮತ್ತ?"

ರಘೂತ್ತಮರು ದೇವರ ಹೆಸರನ್ನೇ ಬರೆದರು. ಪೆಟ್ಟಿಗೆ ಮದುಮಗನ ಹೆಸರು ಕೇಳಿತು: ಶ್ರೀನಿವಾಸ. ಮದುಮಗಳ ಹೆಸರು ಕೇಳಿತು: ಪದ್ಮಾವತಿ. ಜಾಗ ಕೇಳಿತು. ದೇವರು ಇರುವುದು ತಮ್ಮ ಮನೆಯೊಳಗಿನ ಪೂಜೆಯ ಜಗಲಿಯ ಮೇಲೆ, ಹಾಗಾಗಿ ತಮ್ಮ ಮನೆಯ ವಿಳಾಸ ಬರೆದರು. ದಿನ ಕೇಳಿದಾಗ ಪಂಚಾಂಗ ತೆಗೆದು, ದೇವರಿಗೆ ಎಂಥೆಂಥದೋ ದಿನ ಕೊಡಬಾರದೆಂದು, ಮುಂದಿನ ಒಳ್ಳೆಯ ಮುಹೂರ್ತದ ಭಾನುವಾರ ಆರಿಸಿದರು. ಜನ ಎಷ್ಟು ಎಂದಿತು. ದೇವರ ಮದುವೆಗೆ ಕಡಿಮೆ ಬರೆಯಲು ಕೈ ಬರದೆ ಎರಡು ಸಾವಿರ ಅಂದರು. ಊಟ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ್ದು. ಗಿರಾಕಿಯ ಫೋನ್ ನಂಬರು ಕೇಳಿತು. ತಾಯಿಯ ನಂಬರು ಹಾಕಿದರು. ದೇವರ ಕೂಡ ದಿನಾ ಮಾತಾಡುವವರು ಆ ಮನೆಯಲ್ಲಿ ಅವರೊಬ್ಬರೇ.

ಗುಂಡಿ ಒತ್ತಿದರು. ಐದು ಊರಿನಿಂದ 'ಮುಟ್ಟಿತು, ಮುಟ್ಟಿತು' ಎಂದು ಬಂತು. ಸೇಡಮ್ಮಿನದು ಮಾತ್ರ ತಡವಾಯಿತು. ಅಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು.

ಇನ್ನು ಅಳಿಸುವುದು ಉಳಿಯಿತು. ಪೆಟ್ಟಿಗೆ ಕೇಳಿತು: 'ಶ್ರೀನಿವಾಸ, ಪದ್ಮಾವತಿ. ಅಳಿಸಲೇ?' ರಘೂತ್ತಮರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.

"ಆ ಗುಂಡಿ ಒತ್ತಿದಿ ಅಂದ್ರ ಮನಿಗಿ ಬರಬ್ಯಾಡ," ಅಂದರು ರುಕ್ಮಿಣಿಬಾಯಿ.

ದೇವರ ಹೆಸರು ಬರೆದವರುಂಟು, ಅದನ್ನು ಅಳಿಸಿದವರು ಆ ಮನೆತನದಲ್ಲಿ ಯಾರೂ ಇರಲಿಲ್ಲ. ರಘೂತ್ತಮರೂ ಅಳಿಸಲಿಲ್ಲ. ಜಯತೀರ್ಥ ಕೇಳಿದರೆ ಸುಳ್ಳು ಹೇಳಬೇಕಾದೀತೆಂದು ಅವನಿಗೆ ಫೋನನ್ನೂ ಮಾಡಲಿಲ್ಲ.

ಮರುದಿನದಿಂದ ರಘೂತ್ತಮರ ನಡಿಗೆ ಬದಲಾಯಿತು. ಗೋದಾಮಿನ ಗೋಡೆಗೆ 'ಯಾರೂ ಯಾರಿಗೂ ಫೋನ್ ಮಾಡಬಾರದು' ಎಂದು ಬರೆಸಿದರು. ಪೆಟ್ಟಿಗೆ ಹೇಳಿದ ಜಾಗಕ್ಕೆ ಹೋಗಬೇಕು, ಪೆಟ್ಟಿಗೆ ಹೇಳುವ ತನಕ ಅಲ್ಲಿಂದ ಕದಲಬಾರದು, ಬೇರೆ ಯಾರು ಹೇಳಿದರೂ ಕೇಳಬಾರದು ಎಂಬ ಹುಕುಮಿಗೆ ಸೇಠರ ಸಹಿ ಹಾಕಿಸಿದರು. ಖಾಜಾ ಚಿಂಚೋಳಿಯಿಂದ, "ಆಚಾರ್ರ, ಚಂದ್ರಂಪಳ್ಳಿ ಕಡಿ ತೋಟದಾಗ ಸೇವಂತಿಗಿ ಚಲೋ ಬಂದದ, ಕಳಿಸ್ಲೇನು?" ಎಂದು ಕೇಳಿದ್ದಕ್ಕೆ, "ನನಗ್ಯಾಕ ಕೇಳ್ತಿ ಖಾಜಾ, ಪೆಟ್ಟಿಗೀಗಿ ಕೇಳು" ಎಂದು ಫೋನ್ ಇಟ್ಟರು.

ಅದೇ ವಾರ ವಾಡಿಯಿಂದ ಅಬ್ದುಲ್ ಕರೀಮ್ ಸಾಹೇಬರು ಬಂದರು. ರೈಲ್ವೆಯಲ್ಲಿ ಸಿಗ್ನಲ್ ನೋಡಿ ನಿವೃತ್ತರಾದವರು, ಮಾತು ಕಡಿಮೆ. ಮಗಳು ನಾಹಿದಳ ನಿಕಾಹ್ ಗೊತ್ತಾಗಿತ್ತು. ದಿನ ಅದೇ ಭಾನುವಾರ.

"ಹುಡುಗ ಶಹಾಬಾದಿನವ. ಬಂಗಾರದಂಥ ಹುಡುಗ," ಅಂದರು. "ಆದ್ರ ಅವನ ದೊಡ್ಡಪ್ಪ ಅದಾನ ನೋಡ್ರಿ, ಅವನದೇ ಕಷ್ಟ. ಹೋದ ವರ್ಷ ಒಂದು ಕಡಿ ಶಾಮಿಯಾನಾ ಹರದಿತ್ತು ಅಂತ ಗಂಡಿನವ್ರ ಬರಾತ್ ಎಬ್ಬಿಸ್ಕೊಂಡು ಹೋದ. ಆ ಹುಡುಗಿ ಇನ್ನಾ ಮನ್ಯಾಗೇ ಅದ. ವ್ಯವಸ್ಥಾದಾಗ ಏನೂ ಕಮ್ಮಿ ಆಗ್ಬಾರ್ದು ಆಚಾರ್ರ. ನನ್ನ ಮಗಳ ಮಾನ ನಿಮ್ಮ ಕೈಯಾಗ ಅದ."

"ನನ್ನ ಕೈಯಾಗಲ್ಲ ಕರೀಮಸಾಬ್ರ, ಪೆಟ್ಟಿಗ್ಯಾಗ ಅದ. ನೀವು ಆರಾಮ ಮನಿಗಿ ಹೋಗ್ರಿ."

ಶಾಮಿಯಾನಾ, ಕುರ್ಚಿ, ಬ್ಯಾಂಡು, ಹೂವು, ಬಿರಿಯಾನಿ ಎಲ್ಲ ಬರೆದು ಗುಂಡಿ ಒತ್ತಿದರು. ಪೆಟ್ಟಿಗೆಗೆ ಒಂದೇ ನ್ಯಾಯ: ಮೊದಲು ಬಂದವರಿಗೆ ಮೊದಲು. ಆ ದಿನದ ಸಾಮಾನೆಲ್ಲ ಶ್ರೀನಿವಾಸನ ಹೆಸರಿಗೆ ಹೋಗಿದೆ ಎಂದು ತಿಳಿಸಲು ಅದು ಗಾಜಿನ ಮೂಲೆಯಲ್ಲಿ ಒಂದು ಕೆಂಪು ಬೊಟ್ಟು ತೋರಿಸಿತು.

"ಅದೇನ್ರಿ ಕೆಂಪಂದು?" ಕರೀಮ್ ಸಾಹೇಬರಿಗೆ ಕೆಂಪು ಕಂಡರೆ ಕೇಳುವ ರೂಢಿ.

"ಅವ್ವ ಹಚ್ಚಿದ ಕುಂಕುಮ್ರಿ."

"ಎರಡು ಅವ ಅಲ್ರಿ."

"ಎರಡು ಬೆರಳಿಲೆ ಹಚ್ಚ್ಯಾಳ."

ಕರೀಮ್ ಸಾಹೇಬರು ತೃಪ್ತರಾಗಿ ವಾಡಿ ಗಾಡಿ ಹಿಡಿದರು.

ಭಾನುವಾರ ಬೆಳಗಾಗುವ ಮೊದಲೇ ನಮ್ಮ ಮಂದಿ ಪೆಟ್ಟಿಗೆ ಹೇಳಿದ ಜಾಗಕ್ಕೆ ಹೋಗಿ ಗಳ ನೆಟ್ಟೆವು. ಅದು ರಘೂತ್ತಮರ ಓಣಿ ಎಂಬುದು ನಮಗೆ ಕಾಣಲಿಲ್ಲವೆಂದಲ್ಲ. ಕೇಳಬಾರದೆಂದು ಹುಕುಮಿತ್ತು, ಕೇಳಲಿಲ್ಲ. ರಘೂತ್ತಮರು ತಂಬಿಗೆ ಹಿಡಿದು ಹೊರಗೆ ಬಂದಾಗ ಅವರ ಹೊಸ್ತಿಲ ಮೇಲೆ ಶಾಮಿಯಾನದ ಝಾಲರು ತೂಗುತ್ತಿತ್ತು.

"ಯಾರದು ಮದುವಿ ರಾಮಲಿಂಗಣ್ಣ?" ಎಂದು ನನ್ನನ್ನು ಕೇಳಿದರು.

"ನಿಮ್ಮ ಮನ್ಯಾಗ ಅಂತ ಬಂದದ್ರಿ."

"ನಮ್ಮ ಮನ್ಯಾಗ ಯಾರದು?"

"ಅದು ನಿಮಗೇ ಗೊತ್ತಿರ್ಬೇಕ್ರಿ."

ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆಯನ್ನು ಸಂಶಯಿಸುತ್ತಿದ್ದರು. ರಘೂತ್ತಮರು ಮನೆಯವರನ್ನು ಸಂಶಯಿಸಿದರು. ಒಳಗೆ ಹೋಗಿ ಹೆಂಡತಿ ರಂಜನಾಬಾಯಿಯವರನ್ನು ಮಗಳ ಸುದ್ದಿ ತೆಗೆದು ಕೇಳಿದರು: "ನನಗ ಹೇಳದ ಪ್ರಮಿತಾಂದು ಎಲ್ಲೆರ ಗೊತ್ತು ಮಾಡೀರೇನು?"

"ಹುಚ್ಚು ಹಿಡದದೇನ್ರಿ ನಿಮಗ? ಆಕಿ ಒಂಬತ್ತನೇ ಕ್ಲಾಸ್ ಓದ್ಲಿಕತ್ತಾಳ."

ಈ ಮಾತಿನ ಕೊನೆಯ ಭಾಗ ಮಾತ್ರ ಪಕ್ಕದ ಮನೆಯ ಜಗದೇವಿಯವರ ಕಿಟಕಿಯವರೆಗೆ ಹೋಯಿತು. ಅವರು ಅಂಗಳಕ್ಕೆ ಬಂದು ಶಾಮಿಯಾನಾ ನೋಡಿದರು, ಒಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದರು. ಫೋನ್ ಮಾಡಬಾರದೆಂಬ ಹುಕುಮು ಅವರಿಗೆ ಅನ್ವಯಿಸುತ್ತಿರಲಿಲ್ಲ.

ಅಷ್ಟರಲ್ಲಿ ವಾಡಿಯ ಕುರ್ಚಿಗಳು ಬಂದವು. ಸೇಡಮ್ಮಿನಿಂದ ಅಡಿಗೆಯವರು ಬಂದರು, ಅವರ ಬೆನ್ನಿಗೇ ಇನ್ನೊಂದು ತಂಡ, ಅದರ ಬೆನ್ನಿಗೆ ಮತ್ತೊಂದು. "ಮೂರು ಸಲ ಕರದೀರಿ, ಮೂರು ತಂಡ ಬಂದೀವಿ," ಅಂದ ಮುಂದಿನವ. ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ಮತ್ತೆ ಹೇಳಿತ್ತು. ಹೇಳಿದಾಗಲೆಲ್ಲ ಸೇಡಮ್ಮಿನವರು ಹೊಸ ಮದುವೆ ಅಂದುಕೊಂಡಿದ್ದರು. ಒಲೆ ಹೂಡಿ, ಹೋಳಿಗೆಗೆ ಹೂರಣ ರುಬ್ಬತೊಡಗಿದರು. ಶಹಾಬಾದಿನ ಬ್ಯಾಂಡಿನವರ ಚೀಟಿಯಲ್ಲಿ 'ಇಳಿದ ಕೂಡಲೆ ಬಾರಿಸುವುದು' ಎಂದಿತ್ತು. ಇಳಿದರು, ಬಾರಿಸಿದರು.

ಓಣಿಯ ಜನ ಹೊಸ ಬಟ್ಟೆ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕುಳಿತರು. ಕರೆದಿಲ್ಲವೆಂದು ಮನಸ್ಸಿಗೆ ಹಚ್ಚಿಕೊಂಡವರೂ ಬಂದು, ಮುಖ ಗಂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು.

ಪೊಲೀಸ್ ಪೇದೆ ಬಂದ. "ಮದುಮಗಳ ವಯಸ್ಸಿನ ದಾಖಲಿ ತೋರಸ್ರಿ."

"ಮದುಮಗಳು ಯಾರು ಅಂತ ನಾನೂ ಹುಡಕ್ಲಿಕತ್ತೀನ್ರಿ," ಅಂದರು ರಘೂತ್ತಮರು.

ಪೇದೆ ಬಹಳ ಮದುವೆ ನಿಲ್ಲಿಸಿದವನು. ಇಂಥ ಉತ್ತರ ಕೇಳಿರಲಿಲ್ಲ. ಅವನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಖಾಜಾನ ಟೆಂಪೊ ಬಂತು. ಅದರಿಂದ ನಾಲ್ಕು ಮಂದಿ ಹಿಡಿದು ಒಂದು ಕಮಾನು ಇಳಿಸಿದರು. ಕಮಾನಿನ ಮೇಲೆ ಚೆಂಡುಹೂವಿನಲ್ಲಿ ಪೋಣಿಸಿದ ಮೊಳದುದ್ದದ ಅಕ್ಷರ: ಶ್ರೀನಿವಾಸ, ಪದ್ಮಾವತಿ.

ರಘೂತ್ತಮರು ಓದಿದರು. ಓದಿ ಕುಳಿತುಬಿಟ್ಟರು. ಕುಳಿತುಕೊಳ್ಳಲು ಅಲ್ಲಿ ಕುರ್ಚಿಗೇನೂ ಕಡಿಮೆ ಇರಲಿಲ್ಲ.

"ಈ ಶ್ರೀನಿವಾಸ ಯಾರು? ಹೊರಗ ಕರೀರಿ," ಅಂದ ಪೇದೆ.

ರುಕ್ಮಿಣಿಬಾಯಿಯವರು ಬಾಗಿಲಿಗೆ ಬಂದರು. "ಅವ ಹೊರಗ ಬರಂಗಿಲ್ಲಪ್ಪಾ. ಒಳಗ ಜಗಲಿ ಮ್ಯಾಲ ಇದ್ದಾನ, ಆಕಿನೂ ಬಾಜೂಕ ಇದ್ದಾಳ. ಬೂಟು ಬಿಟ್ಟು ಬಾ."

ಪೇದೆ ಒಳಗೆ ಹೋದ. ಹೊರಗೆ ಬರುವಾಗ ಅಂಗೈಯಲ್ಲಿ ತೀರ್ಥ, ಹಣೆಯ ಮೇಲೆ ಗಂಧ ಇತ್ತು. ಟೋಪಿ ಸರಿಮಾಡಿಕೊಂಡು ಬರೆದುಕೊಂಡ: 'ಇಬ್ಬರದೂ ವಯಸ್ಸು ಮೀರಿದೆ. ತಕರಾರಿಲ್ಲ.' ಜಗದೇವಿಯವರ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು, ಊಟಕ್ಕೆ ಅಲ್ಲೇ ಕುಳಿತ.

ಆಗ ಕರೀಮ್ ಸಾಹೇಬರ ಫೋನು ಬಂತು. ಧ್ವನಿ ಏರಿರಲಿಲ್ಲ, ಅದಕ್ಕೇ ಕೇಳಲು ಹೆದರಿಕೆಯಾಯಿತು.

"ಆಚಾರ್ರ, ಮುಂಜಾನಿ ಕುರ್ಚಿ ಗಾಡಿ ನಮ್ಮ ಮನಿ ಮುಂದಿಂದೇ ಹಾದು ಹೋಯ್ತು. ನಾ ಕೈ ಬೀಸ್ದೆ. ಡ್ರೈವರ್‌ನೂ ಬೀಸ್ದ. ಹಂಗೇ ಹೋದ. ಬರಾತ್ ಶಹಾಬಾದ್ ಬಿಟ್ಟದ ಅಂತ. ಮಧ್ಯಾಹ್ನದ ನಮಾಜ್ ಆದ ಮ್ಯಾಲ ನಿಕಾಹ್. ಇಲ್ಲಿ ಬಯಲಿನಾಗ ನಾನೂ ಒಂದು ಆಡೂ ನಿಂತೀವಿ. ನಾಹಿದಳಿಗಿ ಇನ್ನಾ ಹೇಳಿಲ್ಲ."

ರಘೂತ್ತಮರ ಮುಖ ನೋಡಿ ಬ್ಯಾಂಡಿನವರು ತಾವಾಗಿಯೇ ನಿಲ್ಲಿಸಿದರು. ಸರ್ದಾರ ಸೇಠರು ಓಡಿ ಬಂದರು. ಎಲ್ಲ ಕೇಳಿ, ಡ್ರೈವರುಗಳಿಗೆ ಸಾಮಾನು ಹೇರ್ರಿ ಅಂದರು. ಅವರು ಕದಲಲಿಲ್ಲ.

"ಪೆಟ್ಟಿಗಿ ಹೇಳೋ ತನಕ ಯಾರು ಹೇಳಿದ್ರೂ ಬಿಡಬ್ಯಾಡ್ರಿ ಅಂತ ನೀವೇ ಸಹಿ ಹಾಕೀರಿ ಸೇಠ್."

"ಮಾಲಕ ನಾ ಇದ್ದೀನೋ, ಪೆಟ್ಟಿಗಿ ಅದನೋ?"

"ಅದನ್ನೂ ನೀವೇ ಹೇಳ್ಬೇಕ್ರಿ," ಅಂದ ವಾಡಿಯ ಡ್ರೈವರ್.

ಜಯತೀರ್ಥನಿಗೆ ಫೋನ್ ಹಚ್ಚಿದರು.

"ಸುಳ್ಳ ಆರ್ಡರ್ ಅಳಿಸಿದ್ರಿಲ್ಲೋ ಕಾಕಾ?"

"ದೇವರ ಹೆಸರು ಹ್ಯಾಂಗ ಅಳಿಸ್ಲೋ ಜಯಾ?"

ಜಯತೀರ್ಥ ಕೇಳಿದ: "ಐದೂ ಊರಿಂದ ಬಂದಾವೇನು?"

"ಬಂದಾವ. ಸೇಡಮ್ಮಿಂದ ಮೂರು ಸಲ ಬಂದಾವ."

"ಪೆಟ್ಟಿಗಿ ಚಲೋ ಕೆಲಸ ಮಾಡ್ಲಿಕತ್ತದ ಹಂಗಾದ್ರ," ಅಂದ ಜಯತೀರ್ಥ. ಸೇಠರು ಫೋನು ಕಸಿದುಕೊಂಡು ಆಡಿದ ಮಾತು ಬರೆಯುವಂಥದ್ದಲ್ಲ. ಅದು ಮುಗಿದ ಮೇಲೆ ಅವನು ದಾರಿ ಹೇಳಿದ: "ರದ್ದು ಮಾಡಿದ್ರ ಎಲ್ಲಾ ಸಾಮಾನು ತಮ್ಮ ತಮ್ಮ ಅಂಗಡಿಗಿ ವಾಪಸ್ ಹೋಗ್ತದ. ರದ್ದು ಬ್ಯಾಡ. ಜಾಗಾ ಬದಲು ಮಾಡ್ರಿ, ವಾಡಿ ಅಂತ ಹಾಕ್ರಿ. ಗಿರಾಕಿ ಫೋನಿಗಿ ಒಂದು ನಂಬರ್ ಬರ್ತದ. ಅದನ್ನ ಹಾಕಿದ್ರ ಎಲ್ಲಾ ಅತ್ಲಾಗ ಹೋಗ್ತಾವ."

ರಘೂತ್ತಮರು ತಮ್ಮ ಫೋನಿನಲ್ಲೇ ಪೆಟ್ಟಿಗೆಯ ಆರ್ಡರು ತೆಗೆದು ಜಾಗ ಬದಲಿಸಿದರು. ರುಕ್ಮಿಣಿಬಾಯಿಯವರ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಟಿಣ್ ಅಂದಿತು. ಎಲ್ಲರೂ ಆ ಸೊಂಟದ ಕಡೆ ನೋಡಿದರು.

"ಕೊಡು ಅವ್ವಾ."

"ದೇವರಿಗಿ ಬರದದ್ದು ಹೊಳ್ಳಿ ಕೇಳ್ತಿ ಏನು? ಮುಹೂರ್ತ ನೀನೇ ಹಿಡದಿ. ಒಲಿ ಹತ್ತ್ಯದ."

ರಘೂತ್ತಮರು ಸೇಠರನ್ನು ನೋಡಿದರು. ಸೇಠರು ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತರು. "ಅವ್ವಾರ, ಸಾಮಾನು ನಂದು ಖರೆ. ಆದ್ರ ಅವನ ಹೆಸರಿನ್ಯಾಗ ಬಂದದ. ನೀವು ಹೂಂ ಅನ್ನೋ ತನಕ ನಾ ಒಂದು ಗಳಾನೂ ಮುಟ್ಟಂಗಿಲ್ಲ. ಆದ್ರ ಅಲ್ಲಿ ಕರೀಮನ ಮಗಳದು ಮದುವಿ ಅದ. ಶಾಮಿಯಾನಾ ಇಲ್ಲಂದ್ರ ಬೀಗ್ರು ಎದ್ದು ಹೋಗೋ ಪೈಕಿ."

ರುಕ್ಮಿಣಿಬಾಯಿಯವರು ಕುರ್ಚಿಗಳನ್ನೆಲ್ಲ ಒಮ್ಮೆ ನೋಡಿದರು.

"ಎಷ್ಟು ಮಂದೀಗಿ ಬರದಿದ್ದಿ ರಘು?"

"ಎರಡು ಸಾವಿರ."

"ನಮ್ಮ ಓಣಿ ಎಲ್ಲಾ ಬಂದು ಕುಂತದ. ಪೊಲೀಸನೂ ಕುಂತಾನ. ಆದ್ರೂ ಎಲ್ಲಾ ಖಾಲಿ ಅದ. ಇಷ್ಟು ಮಂದೀನ್ನ ಕರದು ಉಳದವ್ರನ್ನ ದೇವರು ಎಲ್ಲಿಟ್ಟಾನ ಅಂತ ನಾ ಮುಂಜಾನಿಂದ ವಿಚಾರ ಮಾಡ್ಲಿಕತ್ತಿದ್ದೆ." ಸೆರಗು ಬಿಗಿದುಕೊಂಡರು. "ವಾಡ್ಯಾಗ ಇಟ್ಟಾನ. ತಡೀರಿ, ಮೊದಲ ಅವನ ಎಲಿ ಆಗ್ಲಿ."

ಎಲ್ಲ ಪಾತ್ರೆಯಿಂದ ಬೇರೆಯಾಗಿ ಒಂದೇ ಎಲೆಗೆ ಬಡಿಸಿಕೊಂಡು ಒಳಗೆ ಹೋದರು. "ಇದು ಅವಂದು. ಉಳದದ್ದು ಬರೇ ಊಟ, ನೈವೇದ್ಯ ಅಲ್ಲ. ಅವರಿಗೂ ಅವರ ನಡಾವಳಿ ಇರ್ತದ," ಅಂದರು. ಆರತಿ ಮುಗಿಯುವ ತನಕ ಐದು ಊರಿನ ಡ್ರೈವರುಗಳು ಕೈಕಟ್ಟಿ ನಿಂತಿದ್ದರು. ಸೇಠರು ಗಡಿಯಾರ ನೋಡುವುದು ಬಿಟ್ಟು ಆಕಾಶ ನೋಡತೊಡಗಿದ್ದರು. ರುಕ್ಮಿಣಿಬಾಯಿಯವರು ಹೊರಗೆ ಬಂದು ನಂಬರು ಓದಿದರು. ಎಂಟನ್ನು ಆರು ಎಂದು ಓದಿದ್ದರಿಂದ ಪೆಟ್ಟಿಗೆ ಒಪ್ಪಲಿಲ್ಲ. ಎರಡನೆಯ ಸಲ ರಂಜನಾಬಾಯಿ ಓದಿದರು.

ಆಗ ಎಲ್ಲ ಡ್ರೈವರುಗಳ ಫೋನು ಒಟ್ಟಿಗೇ ಟಿಣ್ ಅಂದವು. ಐದು ಊರಿನ ಜನ ಒಂದೇ ಗಳಿಗೆಯಲ್ಲಿ ಒಂದೇ ದಿಕ್ಕಿಗೆ ತಿರುಗಿದ್ದನ್ನು ನನ್ನ ಆಯುಷ್ಯದಲ್ಲಿ ನಾನು ಕಂಡದ್ದು ಅದೊಂದೇ ಸಲ. ಗಳ ಕಿತ್ತೆವು, ಅಡಿಗೆಯ ದೊಡ್ಡ ಡೇಗಗಳನ್ನು ಹಬೆಯಾಡುತ್ತಿರುವಂತೆಯೇ ಎತ್ತಿದೆವು. ಕುರ್ಚಿಯಿಂದ ಏಳದ ಓಣಿಯವರನ್ನು ಕುರ್ಚಿ ಸಮೇತ ಟ್ರಕ್ಕಿಗೆ ಹತ್ತಿಸಿದೆವು. ರುಕ್ಮಿಣಿಬಾಯಿಯವರು ಅಡಿಗೆಯ ಟೆಂಪೊದ ಮುಂದಿನ ಸೀಟಿನಲ್ಲಿ ಕುಳಿತರು.

ವಾಡಿಯಲ್ಲಿ ಮೂರು ತಂಡದ ಅಡಿಗೆಯವರೂ ಗಳ ಹಿಡಿದರು, ಅದಕ್ಕೇ ಕೆಲಸ ಸಾಗಿತು. ಕೊನೆಯ ಹಗ್ಗ ಬಿಗಿಯುವಾಗ ಬರಾತ್ ಬಂತು. ದೊಡ್ಡಪ್ಪನವರು ಬಿಳಿ ಶೇರ್ವಾನಿ ಹಾಕಿದ ಎತ್ತರದ ಮನುಷ್ಯ. ಯಾರ ಕೈಯನ್ನೂ ಹಿಡಿಯದೆ ಮೊದಲು ಶಾಮಿಯಾನದ ಸುತ್ತ ಒಂದು ಸುತ್ತು ಹಾಕಿದರು. ಹೊಲಿಗೆ ಎಳೆದು ನೋಡಿದರು. ಕುರ್ಚಿ ಅಲುಗಾಡಿಸಿದರು. ಡೇಗಗಳ ಬಳಿ ಹೋಗಿ ನಿಂತರು.

"ಬಿರಿಯಾನಿ ವಾಸನಿ ಇಲ್ಲಲ್ಲ."

ಡೇಗದ ಪಕ್ಕದ ಕುರ್ಚಿಯಿಂದ ರುಕ್ಮಿಣಿಬಾಯಿಯವರು ತಟ್ಟೆಯಲ್ಲಿ ಅನ್ನ, ಬದನೆಕಾಯಿ ಪಲ್ಯ, ತುಪ್ಪ ಹಾಕಿದ ಹೋಳಿಗೆ ಬಡಿಸಿ ಕೊಟ್ಟರು. "ಉಂಡು ಹೇಳ್ರಿ."

ಹಿರಿಯ ಹೆಂಗಸು ಕೊಟ್ಟದ್ದು, ತಳ್ಳುವಂತಿಲ್ಲ. ನಿಂತೇ ತಿಂದರು.

"ಉಳ್ಳಾಗಡ್ಡಿ ಹಾಕಿಲ್ಲೇನ್ರಿ ಅಮ್ಮಾ?"

"ಇಲ್ಲ."

"ಬಳ್ಳೊಳ್ಳಿ?"

"ಇಲ್ಲ."

"ಮತ್ತ ರುಚಿ ಹ್ಯಾಂಗ ಬಂತು?"

"ಮೂರು ತಂಡ ಕೂಡಿ ಮಾಡ್ಯಾವ," ಅಂದರು ರುಕ್ಮಿಣಿಬಾಯಿ.

ದೊಡ್ಡಪ್ಪನವರು ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಶಾಮಿಯಾನದ ಬಾಗಿಲ ಕಡೆ ಬಂದರು. ತಲೆ ಎತ್ತಿದರು. ಕಮಾನಿನ ಅಕ್ಷರ ಬಿಚ್ಚಲು ಖಾಜಾನಿಗೆ ಪುರಸೊತ್ತು ಸಿಕ್ಕಿರಲಿಲ್ಲ. ದೊಡ್ಡಪ್ಪನವರು ಕನ್ನಡ ಶಾಲೆ ಕಲಿತವರು, ಒಂದೊಂದೇ ಅಕ್ಷರ ಓದಿದರು. ಬ್ಯಾಂಡು ನಿಂತಿತು. ಪರದೆಯ ಹಿಂದೆ ನಾಹಿದಳ ಬಳೆಯ ಸದ್ದೂ ನಿಂತಿತು.

"ಶ್ರೀನಿವಾಸ ಅಂದ್ರ ಯಾರ್ರಿ?"

ಕರೀಮ್ ಸಾಹೇಬರು ಜೀವಮಾನದಲ್ಲಿ ತಪ್ಪು ಸಿಗ್ನಲ್ ಕೊಟ್ಟವರಲ್ಲ. ನಿಧಾನವಾಗಿ ಹೇಳಿದರು: "ಇವತ್ತಿನ ಬುಕಿಂಗ್ ಎಲ್ಲಾ ಮೊದಲ ಅವರ ಹೆಸರಿನ್ಯಾಗ ಇತ್ರಿ. ಶಾಮಿಯಾನಾ, ಕುರ್ಚಿ, ಹೂವು, ಊಟ, ಎಲ್ಲಾ. ನಮ್ಮ ಹುಡುಗೀದು ಇವತ್ತೇ ಅದ ಅಂತ ತಿಳದು ನಮಗ ಬಿಟ್ಟುಕೊಟ್ರು."

"ತಮ್ಮ ಮದುವಿ ಬಿಟ್ಟು?"

"ಅವರದೇನ್ರಿ, ವರ್ಷಾ ಆಗ್ತದ," ಅಂದರು ರಘೂತ್ತಮರು. ಸಮಾಧಾನ ಹೇಳಲು ಹೋಗಿ ಬಂದ ಮಾತು ಅದು.

"ವರ್ಷಾ ವರ್ಷಾ ಮದುವಿ ಮಾಡ್ಕೋತಾರ?"

"ಅದೇ ಹೆಣ್ತಿ ಕೂಡ್ರಿ."

ದೊಡ್ಡಪ್ಪನವರು ಕಮಾನನ್ನು ಇನ್ನೊಮ್ಮೆ ನೋಡಿದರು. ಅಷ್ಟು ಹೊತ್ತು ಅವರು ಕುಳಿತಿರಲಿಲ್ಲವೆಂದು ಬರಾತಿನ ಒಬ್ಬರೂ ಕುಳಿತಿರಲಿಲ್ಲ.

"ಅಂಥ ಮನುಷ್ಯ ನಮ್ಮ ಶಹಾಬಾದಿನ್ಯಾಗ ಒಬ್ಬನೂ ಇಲ್ಲ," ಎಂದು ಹೇಳಿ ಕುರ್ಚಿ ಎಳೆದುಕೊಂಡು ಕುಳಿತರು. ಅವರ ಹಿಂದೆ ಇಡೀ ಬರಾತ್ ಕುಳಿತ ಸದ್ದು ಕೇಳಿಸಿತು. ನಿಕಾಹ್ ಓದಿಸುವ ಖಾಜಿಯವರು ಗಂಟಲು ಸರಿಮಾಡಿಕೊಂಡು, ಹುಡುಗಿಯ ಹೆಸರು ಕೇಳಿದರು.